ನಗಿಸುವ ಖಳನಿಗೆ ಎದೆ ಕೊಡುವುದು: ಫ್ಯಾನ್ ಫಿಕ್ಷನ್ ಬರೆಯುವವರಿಗೆ ಆಟದ ಅಂಗಳದಿಂದ ಒಂದಿಷ್ಟು ಸೂತ್ರ

ಬೇರೆ ಯಾರೋ ಹುಟ್ಟಿಸಿದ ಪಾತ್ರವನ್ನು ಎತ್ತಿಕೊಂಡು ಅದಕ್ಕೆ ತಮ್ಮದೇ ಕತೆ ಕಟ್ಟುವುದನ್ನು ಈಗಿನ ಹುಡುಗರು ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಛೋಟಾ ಭೀಮನ ಕಾಲಿಯಾ, ಪೋಕೆಮಾನ್‌ನ ಟೀಮ್ ರಾಕೆಟ್, ಸಿನಿಮಾದ ತೊದಲುವ ರೌಡಿ, ಇವರೆಲ್ಲ ಫೋನಿನಲ್ಲಿ ಎರಡನೇ ಜನ್ಮ ಪಡೆಯುತ್ತಿದ್ದಾರೆ. ಬರೆಯುವವರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ನಗಿಸುವ ಖಳನಿಗೆ ಭಾವ ತುಂಬಲು ಹೋಗಿ ಅವನ ನಗುವನ್ನೇ ಕಳೆದುಬಿಡುತ್ತಾರೆ.

ಭಟ್ಕಳ, ಹೊನ್ನಾವರ, ಕುಮಟಾದ ಕಡೆಯವರಿಗೆ ಈ ವಿದ್ಯೆ ಕಲಿಯಲು ದೂರ ಹೋಗಬೇಕಾಗಿಲ್ಲ. ಯಕ್ಷಗಾನದಲ್ಲಿ, ಊರ ಮಾತಿನಲ್ಲಿ ‘ಆಟ’ದಲ್ಲಿ, ಕತೆ ಯಾರದೋ, ಪದ್ಯ ಇನ್ಯಾರದೋ. ಭಾಗವತರು ಹಾಡುವ ಪದ್ಯ ಮೊದಲೇ ಬರೆದಿಟ್ಟದ್ದು. ಅದಕ್ಕೆ ವೇಷಧಾರಿ ಆಡುವ ಅರ್ಥ ಮಾತ್ರ ಆ ರಾತ್ರಿ, ಆ ರಂಗಸ್ಥಳದಲ್ಲಿ ಹುಟ್ಟುವಂಥದ್ದು. ಕತೆಯ ಕೊನೆ ಗೊತ್ತಿದ್ದೇ ಜನ ಬೆಳತನಕ ಕೂರುತ್ತಾರೆ. ಫ್ಯಾನ್ ಫಿಕ್ಷನ್ ಓದುವವನೂ ಹೀಗೇ ಕೊನೆ ಗೊತ್ತಿದ್ದೇ ಬರುವ ಗಿರಾಕಿ. ಹಾಗಾಗಿ ಸೂತ್ರಗಳನ್ನು ಅಲ್ಲಿಂದಲೇ ಎತ್ತೋಣ.

1. ಪದ್ಯ ಮುಟ್ಟಬೇಡಿ, ಅರ್ಥ ನಿಮ್ಮದು

ಭಸ್ಮಾಸುರ ಬೂದಿಯಾಗಲೇಬೇಕು. ಚಂದ್ರಹಾಸನ ಕತೆಯ ಮಂತ್ರಿ ದುಷ್ಟಬುದ್ಧಿಯ ಓಲೆ ತಿರುಗಿ ಬೀಳಲೇಬೇಕು. ಕಾಲಿಯಾ ಕುಸ್ತಿಯಲ್ಲಿ ಸೋಲಲೇಬೇಕು. ಖಳನನ್ನು ಗೆಲ್ಲಿಸಿದರೆ, ಇಲ್ಲವೇ ಕೊನೆಗೆ ಸಾಧುವಾಗಿಸಿದರೆ ಪಾತ್ರಕ್ಕೆ ಆಳ ಬರುತ್ತದೆಂದು ಹಲವರು ನಂಬಿದ್ದಾರೆ. ಬರುವುದಿಲ್ಲ, ಕತೆ ಹಾಳಾಗುತ್ತದೆ ಅಷ್ಟೆ. ಲಂಡನ್ನಿನ ರಂಗಭೂಮಿಯಲ್ಲಿ ಷೇಕ್ಸ್‌ಪಿಯರ್‌ನ ಖಳ ಶೈಲಾಕ್‌ನಿಗೆ ನಗಿಸುವ ಕೆಂಪು ವಿಗ್ ಹಾಕುವುದು ರೂಢಿಯಾಗಿದ್ದಾಗ, 1814ರಲ್ಲಿ ಡ್ರೂರಿ ಲೇನ್‌ನಲ್ಲಿ ಎಡ್ಮಂಡ್ ಕೀನ್ ಎಂಬ ನಟ ಕಪ್ಪು ವಿಗ್ ಹಾಕಿಕೊಂಡು ಬಂದ. ಷೇಕ್ಸ್‌ಪಿಯರ್ ಬರೆದ ಸೋಲು ಸೋಲಾಗಿಯೇ ಉಳಿಯಿತು. ಸೋಲುವ ಮನುಷ್ಯ ಮಾತ್ರ ಬೇರೆಯಾಗಿ ಕಂಡ.

2. ಅವನಿಗೊಂದು ದಿನದ ಕೆಲಸ ಇರಲಿ

ಖಳರು ಸದಾ ಸಂಚು ಹೂಡುತ್ತ ಕೂತಿರುತ್ತಾರೆ ಎಂದುಕೊಳ್ಳುವುದೇ ಮೊದಲ ಸೋಮಾರಿತನ. ಸಂಚಿಲ್ಲದ ದಿನ ಅವನೇನು ಮಾಡುತ್ತಾನೆ?

ಯಕ್ಷಗಾನದಲ್ಲಿ ಬಳಕೆಯಲ್ಲಿರುವ ಕತೆಯಲ್ಲಿ ಭಸ್ಮಾಸುರ ಶಿವನ ಮೈಯ ಭಸ್ಮದಿಂದ ಹುಟ್ಟಿದವನು. ದಿನವೂ ಸುಡುಗಾಡಿಗೆ ಹೋಗಿ ಒಡೆಯನಿಗೆ ಬೂದಿ ತರುವುದು ಅವನ ಚಾಕರಿ. ಒಂದು ದಿನ ಬೂದಿ ಸಿಕ್ಕುವುದಿಲ್ಲ. ಪ್ರಸಂಗ ಇಷ್ಟು ಕೊಟ್ಟು ಸುಮ್ಮನಾಗುತ್ತದೆ, ಉಳಿದದ್ದು ನಿಮಗೆ ಬಿಟ್ಟಿದ್ದು. ಹೀಗೊಂದು ಎಳೆ ಹಿಡಿದು ನೋಡಿ:

“ಮೂರು ಲೋಕ ಸುತ್ತಿ ಬಂದೆ, ಸ್ವಾಮಿ. ಇವತ್ತು ಒಬ್ಬನೂ ಸತ್ತಿಲ್ಲ.”

“ಒಳ್ಳೆಯದಾಯಿತಲ್ಲ, ಭಸ್ಮಾ.”

“ಅವರಿಗೆ ಒಳ್ಳೆಯದಾಯಿತು. ನಾನು ಬರಿಗೈಯಲ್ಲಿ ಬಂದೆನಲ್ಲ!”

ಯಾರೂ ಸಾಯಲಿಲ್ಲವಲ್ಲ ಎಂದು ಮುಖ ಸಣ್ಣ ಮಾಡಿಕೊಂಡು ನಿಂತ ರಕ್ಕಸನನ್ನು ಕಂಡರೆ ನಗು ಬಾರದೆ ಇರದು. ಮರುಗಳಿಗೆಯಲ್ಲೇ ಅವನು ಉರಿಹಸ್ತದ ವರ ಕೇಳಲಿ: ಮುಟ್ಟಿದ ತಲೆ ಬೂದಿಯಾಗುವಂತೆ ಮಾಡು, ನಾಳೆಯಿಂದ ನಿನಗೆ ಭಸ್ಮ ತಪ್ಪುವುದಿಲ್ಲ. ಲೋಕವನ್ನೇ ಸುಡುವ ವರವೊಂದು ಚಾಕರಿಯ ನಿಷ್ಠೆಯಿಂದ ಹುಟ್ಟಿತು. ಓದುಗ ನಗುತ್ತ ನಗುತ್ತಲೇ ತಣ್ಣಗಾಗುತ್ತಾನೆ. ಇದಕ್ಕೆ ಬಾಲ್ಯದ ಕಷ್ಟ, ಸತ್ತ ತಾಯಿ, ಸುರಿವ ಮಳೆ ಒಂದೂ ಬೇಕಾಗಲಿಲ್ಲ.

3. ನಗಿಸುವ ಗುಣವೇ ಕೊಲ್ಲಲಿ

ಭಸ್ಮಾಸುರ ಎಂದರೆ ಈ ಭಾಗದಲ್ಲಿ ಮೊದಲು ನೆನಪಾಗುವ ಹೆಸರು ಚಿಟ್ಟಾಣಿ ರಾಮಚಂದ್ರ ಹೆಗಡೆ. ಹೊನ್ನಾವರ ತಾಲೂಕಿನವರು. ಭಸ್ಮಾಸುರ, ಕೀಚಕ, ದುಷ್ಟಬುದ್ಧಿ, ಕೌರವ ಎಂದು ಕೆಟ್ಟವರ ಪಟ್ಟಿಯನ್ನೇ ತಮ್ಮ ಹೆಸರಿಗೆ ಬರೆಸಿಕೊಂಡವರು. 2012ರಲ್ಲಿ ಪದ್ಮಶ್ರೀ ಬಂತು, 2017ರಲ್ಲಿ ತೀರಿಕೊಂಡರು. ಅವರ ಭಸ್ಮಾಸುರ ಮೋಹಿನಿಯ ಬೆನ್ನು ಹತ್ತಿ ಕುಣಿಯುವಾಗ ಜನ ಕೇಕೆ ಹಾಕುತ್ತಿದ್ದರು.

ಆ ದೃಶ್ಯದ ಕಟ್ಟಡ ಗಮನಿಸಿ. ಮೋಹಿನಿ ಹೆಜ್ಜೆ ಹಾಕುತ್ತಾಳೆ, ರಕ್ಕಸ ಅನುಕರಿಸುತ್ತಾನೆ. ಅವಳು ಬಳುಕಿದರೆ ಇವನೂ ಬಳುಕಬೇಕು. ದೊಡ್ಡ ದೇಹ, ನಾಜೂಕಿನ ಹೆಜ್ಜೆ, ನಗು ಅಲ್ಲಿಂದಲೇ ಎದ್ದು ಬರುತ್ತದೆ. ಅವಳು ಕೈಯನ್ನು ತನ್ನ ತಲೆಯ ಮೇಲಿಟ್ಟಾಗ ಅವನೂ ಇಡುತ್ತಾನೆ, ಮುಗಿಯಿತು. ನಗಿಸಿದ್ದು ಯಾವುದೋ ಕೊಂದದ್ದೂ ಅದೇ. ನಗೆಗೆ ಒಂದು ದೃಶ್ಯ, ಕಣ್ಣೀರಿಗೆ ಇನ್ನೊಂದು ಎಂದು ಇಲ್ಲಿ ಪಾಲು ಮಾಡಿಲ್ಲ.

ನೀವು ಬರೆಯುವುದಾದರೆ ಒಂದು ಸಣ್ಣ ಸೇರ್ಪಡೆ ಸಾಕು. ಹುಟ್ಟಿದಾಗಿನಿಂದ ‘ತಾ’ ಎನ್ನುವ ಮಾತನ್ನೇ ಕೇಳಿದವನು ಇವನು. ಏನನ್ನೂ ತರಲು ಹೇಳದೆ ‘ಬಾ, ಕುಣಿ’ ಎಂದವಳು ಇವಳೊಬ್ಬಳೇ. ಅವನು ಅಷ್ಟು ಶ್ರದ್ಧೆಯಿಂದ ಕುಣಿದದ್ದು ಯಾಕೆಂದು ಓದುಗನಿಗೆ ತಾನಾಗಿ ಹೊಳೆಯುತ್ತದೆ. ಅದನ್ನು ನೀವು ಬಿಡಿಸಿ ಹೇಳಿದಿರೋ, ಕೆಟ್ಟಿತು.

4. ನಗೆಪಾಟಲಾಗುವ ಗುಣಕ್ಕೆ ಅವನು ತೆತ್ತ ಬೆಲೆ ಹುಡುಕಿ

ಟೀಮ್ ರಾಕೆಟ್‌ನ ಬೆಕ್ಕು ಮಿಯಾವ್ತ್ ಮನುಷ್ಯರಂತೆ ಮಾತಾಡುತ್ತದೆ, ಎರಡು ಕಾಲಲ್ಲಿ ನಡೆಯುತ್ತದೆ. ಅದೇ ಅದರ ತಮಾಷೆ. ಪೋಕೆಮಾನ್‌ನ ಮೊದಲ ಸರಣಿಯಲ್ಲೇ ಒಂದು ಕಂತಿನಲ್ಲಿ ಇದರ ಹಿಂದಿನ ಕತೆ ಬರುತ್ತದೆ. ತಾನು ಮೆಚ್ಚಿದ ಹೆಣ್ಣು ಬೆಕ್ಕಿಗೆ ಮನುಷ್ಯರೆಂದರೆ ಇಷ್ಟ ಎಂದು ಅದು ಪಟ್ಟು ಹಿಡಿದು ಮಾತು ಕಲಿತದ್ದು. ಕಲಿತು ಹೋದರೆ, ಇದೇನು ವಿಕಾರ ಎಂದು ಅವಳು ಅಟ್ಟುತ್ತಾಳೆ. ಅಲ್ಲಿಂದಾಚೆ ಮಿಯಾವ್ತ್ ಬಾಯಿ ತೆರೆದಾಗಲೆಲ್ಲ ನಗುವೂ ಇದೆ, ಆ ಏಟಿನ ನೆನಪೂ ಇದೆ.

ನಿಮ್ಮ ಖಳ ಬಡಾಯಿ ಕೊಚ್ಚುವವನೇ? ಮೊದಲು ಬಡಾಯಿ ಕೊಚ್ಚಿದ್ದು ಯಾರೆದುರು, ಅವರು ನಂಬಿದರೇ? ತಿಂಡಿಪೋತನೇ? ಅವನ ಪಾಲಿನದನ್ನು ಕಿತ್ತು ತಿಂದವರು ಯಾರು? ಹೆದರುಪುಕ್ಕನೇ? ಅವನು ಧೈರ್ಯ ಮಾಡಿದ ದಿನ ಏನಾಯಿತು? ಉತ್ತರವನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಪೂರ್ತಿ ಬರೆದಿಡಿ. ಕತೆಯೊಳಗೆ ಅದರ ಕಾಲುಭಾಗ ಬಂದರೆ ಹೆಚ್ಚಾಯಿತು.

5. ತನ್ನ ಬಲೆಗೆ ತಾನೇ ಬೀಳುವಾಗ ನಿಧಾನಿಸಿ

ಚಂದ್ರಹಾಸನ ಕತೆ ಲಕ್ಷ್ಮೀಶನ ಜೈಮಿನಿ ಭಾರತದಿಂದ ಬಂದು ರಂಗಸ್ಥಳದಲ್ಲಿ ನೆಲೆ ಊರಿದೆ. ಮಂತ್ರಿ ದುಷ್ಟಬುದ್ಧಿಗೆ ಚಂದ್ರಹಾಸನನ್ನು ಮುಗಿಸಬೇಕು. ಇವನಿಗೆ ವಿಷ ಕೊಡು ಎಂದು ಮಗ ಮದನನಿಗೆ ಓಲೆ ಬರೆದು, ಅದನ್ನು ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ದಾರಿಯಲ್ಲಿ ಮಂತ್ರಿಯ ಮಗಳು ವಿಷಯೆ ಮಲಗಿದ್ದ ಅವನನ್ನು ಕಂಡು ಮೋಹಗೊಂಡು, ಓಲೆ ಬಿಚ್ಚಿ ಓದಿ, ಅಕ್ಷರ ತಿದ್ದುತ್ತಾಳೆ. ವಿಷ ಕೊಡು ಎಂದಿದ್ದುದು ವಿಷಯೆಯನ್ನು ಕೊಡು ಎಂದಾಗುತ್ತದೆ. ಮದನ ಅದರಂತೆ ಮದುವೆ ಮಾಡಿ ಮುಗಿಸುತ್ತಾನೆ.

ಇಷ್ಟನ್ನು ಓಡಿಸಿಕೊಂಡು ಹೇಳಬಹುದು. ನಿಲ್ಲಬೇಕಾದದ್ದು ಮಂತ್ರಿ ಮನೆಗೆ ಬರುವಲ್ಲಿ. ಸಾವಿನ ಸುದ್ದಿ ನಿರೀಕ್ಷಿಸಿ ಬಂದವನ ಕಿವಿಗೆ ವಾದ್ಯದ ಸದ್ದು ಬೀಳುತ್ತದೆ. ಬಾಗಿಲಲ್ಲಿ ತೋರಣ. ಮಗ ಓಡಿ ಬಂದು ಕಾಲಿಗೆ ಬೀಳುತ್ತಾನೆ: ಅಪ್ಪಯ್ಯ, ನೀವು ಬರೆದ ಹಾಗೇ ಮಾಡಿದೆ. ಈ ಮಾತಿಗೆ ಸಭೆ ನಗುತ್ತದೆ, ನಗಲೇಬೇಕು. ಓಲೆ ತೋರಿಸು ಎಂದು ಅಪ್ಪ ಕೇಳುತ್ತಾನೆ. ಅವನದೇ ಅಕ್ಷರ, ಅವನದೇ ಮುದ್ರೆ.

ಈಗ ಯೋಚಿಸಿ, ಅವನು ಮಗನನ್ನು ಬೈಯುವುದಾದರೂ ಹೇಗೆ? ನಾನು ಬರೆದದ್ದು ಇದಲ್ಲ ಎಂದರೆ, ಮತ್ತೇನು ಬರೆದಿದ್ದೆ ಎಂದು ಹೇಳಬೇಕಾಗುತ್ತದೆ. ಹೆಮ್ಮೆಯಿಂದ ಮುಖ ನೋಡುತ್ತ ನಿಂತಿರುವ ಮಗನ ಎದುರು ತಾನು ಕೊಲೆಗಡುಕ ಎಂದು ಒಪ್ಪಿಕೊಳ್ಳುವುದೋ, ಕಂಡರಾಗದವನನ್ನು ಅಳಿಯನೆಂದು ಅಪ್ಪಿಕೊಳ್ಳುವುದೋ? ಖಳ ಬಾಯಿ ಕಟ್ಟಿ ನಿಂತ ಆ ಗಳಿಗೆಯಲ್ಲಿ ಅವನ ಇಡೀ ಬಾಳು ಇದೆ: ಮಗನ ಕಣ್ಣಲ್ಲಿ ಒಳ್ಳೆಯವನಾಗಿಯೇ ಉಳಿಯುವ ಆಸೆ, ಅಧಿಕಾರದ ಆಸೆ, ಮಗಳು ಸಂತೋಷವಾಗಿದ್ದಾಳೆ ಎಂಬ ಅರಿವು. ನುರಿತ ಕಲಾವಿದ ಇಲ್ಲಿ ಮಾತು ಕಡಿಮೆ ಮಾಡುತ್ತಾನೆ. ಓಲೆಯನ್ನು ಒಮ್ಮೆ ನೋಡುವುದು, ಮಗನನ್ನು ನೋಡುವುದು, ಮತ್ತೆ ಓಲೆಯನ್ನು. ನಿಮ್ಮ ಕತೆಯಲ್ಲಿ ಇದಕ್ಕೆ ಒಂದು ಪುಟ ಕೊಡಿ, ಮದುವೆಗೆ ಎರಡು ಸಾಲು ಸಾಕು.

ಮುಂದಿನದು ಇನ್ನೂ ಕಠೋರ. ಅಳಿಯನನ್ನು ಕೊಲ್ಲಿಸಲು ದೇವಿಯ ಗುಡಿಯಲ್ಲಿ ಕಟುಕರನ್ನು ಅಡಗಿಸಿಟ್ಟರೆ, ಗುಡಿಗೆ ಹೋದದ್ದು ಮಗ ಮದನ. ಎರಡು ಸಲವೂ ಸಂಚು ತಿರುಗಿ ಬಿದ್ದದ್ದು ಅವನ ಮನೆಯ ಮೇಲೆಯೇ. ಮೊದಲ ಸಲ ನಗುತ್ತೇವೆ. ಎರಡನೆಯ ಸಲ ಅದೇ ತಿರುವು ಬಂದಾಗ ನಗಲು ಆಗುವುದಿಲ್ಲ. ಹಾಸ್ಯದಿಂದ ದುರಂತಕ್ಕೆ ದಾಟಲು ಇದಕ್ಕಿಂತ ಗಟ್ಟಿ ಸಂಕವನ್ನು ನಾನು ಕಂಡಿಲ್ಲ. ಕದಿಯಿರಿ, ಯಾರೂ ಕೇಳುವುದಿಲ್ಲ.

6. ಮಾತಿನ ಧಾಟಿ ಒಂದೇ ಒಂದು ಸಲ ಮುರಿಯಲಿ

ಆಟದಲ್ಲಿ ರಾಜರು, ರಕ್ಕಸರು ಗ್ರಂಥದ ಕನ್ನಡ ಆಡುತ್ತಾರೆ. ಊರಿನ ಆಡುಮಾತು ಹಾಸ್ಯಗಾರನ ಪಾಲು. ಈ ಅಂತರವನ್ನು ಬಳಸಿಕೊಳ್ಳಿ. ಕತೆಯುದ್ದಕ್ಕೂ ‘ಎಲವೋ’ ಎಂದು ಅಬ್ಬರಿಸುವ ಖಳ ಒಂದು ಕಡೆ, ಒಂದೇ ಕಡೆ, ‘ತಮಾ, ಊಟ ಆಯ್ತನಾ?’ ಎಂದು ಯಾರನ್ನೋ ಕೇಳಲಿ. ಅದುವರೆಗಿನ ಅಬ್ಬರವೆಲ್ಲ ವೇಷ ಎಂದು ಗೊತ್ತಾಗಿಬಿಡುತ್ತದೆ. ಎರಡನೇ ಸಲ ಮಾಡಿದರೆ ಅದೂ ಒಂದು ಚಾಳಿಯಾಗುತ್ತದೆ.

ಭಟ್ಕಳದ ಪೇಟೆಯಲ್ಲಿ ಬೆಳೆದವರಿಗೆ ಇದು ಸಲೀಸು. ಕನ್ನಡ, ಕೊಂಕಣಿ, ನವಾಯತಿ, ಉರ್ದು ಒಂದೇ ಬೀದಿಯಲ್ಲಿ ಓಡಾಡುತ್ತವೆ. ನಿಮ್ಮ ಖಳ ವ್ಯಾಪಾರ ಯಾವ ಭಾಷೆಯಲ್ಲಿ ಮಾಡುತ್ತಾನೆ, ದುಡ್ಡು ಯಾವ ಭಾಷೆಯಲ್ಲಿ ಎಣಿಸುತ್ತಾನೆ, ಕಾಲಿಗೆ ಮುಳ್ಳು ಚುಚ್ಚಿದಾಗ ಯಾವ ಭಾಷೆಯಲ್ಲಿ ಅಮ್ಮನನ್ನು ಕೂಗುತ್ತಾನೆ?

7. ಖಳನ ಪಕ್ಕದವನನ್ನು ಮರೆಯಬೇಡಿ

ಕಾಲಿಯಾನಿಗೆ ಢೋಲು, ಭೋಲು ಇದ್ದಾರೆ. ಆಟದಲ್ಲಿ ರಾಜನಿಗೆ ಚಾರಕನ ವೇಷದ ಹಾಸ್ಯಗಾರ ಇದ್ದಾನೆ. ಸಮಾನರೆದುರು ಹೇಳಲಾಗದ್ದನ್ನು ಖಳ ಇಂಥವನೆದುರು ಹೇಳಿಬಿಡುತ್ತಾನೆ, ಯಾಕೆಂದರೆ ಇವನನ್ನು ಅವನು ಲೆಕ್ಕಕ್ಕೇ ಇಟ್ಟಿಲ್ಲ. ಚಾರಕ ಅದಕ್ಕೊಂದು ಅಡ್ಡಮಾತು ಆಡಿ ನಗಿಸುತ್ತಾನೆ. ಆ ನಗೆಯ ಅಡಿಯಲ್ಲಿ ನಿಜ ಸಾಗಿಹೋಗುತ್ತದೆ.

ಒಂದು ಕಸರತ್ತು: ಖಳನ ಅತಿ ದೊಡ್ಡ ಸೋಲನ್ನು ಪಕ್ಕದವನ ಬಾಯಲ್ಲಿ ಹೇಳಿಸಿ. ‘ನಮ್ಮ ಕಾಲಿಯಾ ಅಣ್ಣ ಸೋತಿಲ್ಲ, ನೆಲ ಜಾರಿತು’ ಎಂದು ಭೋಲು ಊರೆಲ್ಲ ಹೇಳಿಕೊಂಡು ಬರಲಿ. ಮರೆಯಲ್ಲಿ ನಿಂತು ಅದನ್ನು ಕೇಳಿಸಿಕೊಂಡ ಕಾಲಿಯಾ ಮರುದಿನ ಅವನ ಪಾಲಿನ ಲಡ್ಡು ಕಸಿಯದೆ ಬಿಡಲಿ. ಅಷ್ಟು ಸಾಕು.

8. ಪ್ರೀತಿಯನ್ನು ಕಾರಣವಾಗಿಸಿ, ಆದರೆ ಜೋಪಾನ

ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಂಥರೆ ಕೇಡಿಗಿತ್ತಿ ಅಲ್ಲ, ಭರತನ ಮೇಲಿನ ಮಮತೆಯಿಂದ ಕುರುಡಾದವಳು. ಗೂನುಬೆನ್ನು ಎಂದು ಶತಮಾನಗಟ್ಟಲೆ ನಕ್ಕಿದ್ದ ಓದುಗರನ್ನು ತಲೆತಗ್ಗಿಸುವಂತೆ ಮಾಡಿದ ಪಾತ್ರ ಅದು. ಆದರೆ ಕುವೆಂಪು ಅವರಿಗೆ ಅಲ್ಲಿ ನಗಿಸುವ ಹೊರೆ ಇರಲಿಲ್ಲ, ನಿಮಗಿದೆ. ಮಮತೆ ಪೂರ್ತಿ ಶುದ್ಧವಾದರೆ ನಗು ಸಾಯುತ್ತದೆ. ಹಾಗಾಗಿ ಪ್ರೀತಿಯಲ್ಲೇ ಸ್ವಲ್ಪ ಅತಿರೇಕ, ಸ್ವಲ್ಪ ಜಂಬ, ಸ್ವಲ್ಪ ಲೆಕ್ಕಾಚಾರ ಸೇರಿಸಿ.

9. ಇದಿರಿನ ವೇಷವನ್ನು ಸಣ್ಣದು ಮಾಡಬೇಡಿ

ಖಳನ ಮೇಲೆ ಪ್ರೀತಿ ಉಕ್ಕಿದ ಕೂಡಲೇ ನಾಯಕನನ್ನು ಪುಂಡನಾಗಿಸುವ ಚಟ ಫ್ಯಾನ್ ಫಿಕ್ಷನ್ನಿಗೆ ಅಂಟಿದೆ. ಕಾಲಿಯಾ ಒಳ್ಳೆಯವನೆಂದು ತೋರಿಸಲು ಭೀಮನಿಗೆ ಸೊಕ್ಕು ಕೊಡುವುದು. ಇದು ಅಗ್ಗದ ದಾರಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೂತು ಮಾತಾಡಿಯೇ ಗೆಲ್ಲಬೇಕು. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ, ರಾವಣನಾಗಿ ಹೆಸರಾದದ್ದು ವಾದದ ಬಲದಿಂದ. ರಾಮ ಗಟ್ಟಿಯಾಗಿದ್ದರೇ ವಾಲಿಯ ಪ್ರಶ್ನೆಗೆ ಮೊನೆ ಬರುವುದು.

10. ಕೇಡಿಗೆ ರಿಯಾಯಿತಿ ಬೇಡ

ಮಹಾಭಾರತದ ಕೀಚಕನನ್ನೇ ತೆಗೆದುಕೊಳ್ಳಿ. ನಾಟ್ಯಶಾಲೆಯ ಕತ್ತಲಲ್ಲಿ ಸೈರಂಧ್ರಿ ಎಂದುಕೊಂಡು ಭೀಮನನ್ನು ತಡವುವಾಗ ಅವನು ನಗೆಯ ಸರಕು. ಆದರೆ ಅದಕ್ಕೆ ಮೊದಲು ಅವನು ಒಬ್ಬ ಹೆಂಗಸಿನ ಬೆನ್ನು ಹತ್ತಿದ್ದಾನೆ, ತುಂಬಿದ ಸಭೆಯಲ್ಲಿ ಒದ್ದಿದ್ದಾನೆ. ವಿರಹದಿಂದ ಬೆಂದವನು ಪಾಪ ಎಂದು ಅವನ ಕಡೆಯಿಂದಲೇ ಮರುಗುವ ಕತೆಗಳನ್ನು ಓದಿದಾಗ ನನಗೆ ಸಿಟ್ಟೇ ಬರುತ್ತದೆ. ಅವನ ಒಂಟಿತನ ಬರೆಯಿರಿ, ತನ್ನನ್ನು ಕಂಡರೆ ಅರಸ ವಿರಾಟನೂ ಹೆದರುತ್ತಾನೆಂಬ ಸೊಕ್ಕು ಬರೆಯಿರಿ, ಅಕ್ಕ ಸುದೇಷ್ಣೆಯ ಮುದ್ದಿನಲ್ಲಿ ‘ಇಲ್ಲ’ ಎಂಬ ಮಾತು ಕೇಳದೆಯೇ ಬೆಳೆದನೆಂದು ಬರೆಯಿರಿ. ಅದರ ಬೆಲೆಯನ್ನು ಸೈರಂಧ್ರಿಯಿಂದ ವಸೂಲಿ ಮಾಡಬೇಡಿ. ಅವಳ ಭಯ ಪುಟದಿಂದ ಮಾಯವಾದರೆ ನೀವು ಬರೆದದ್ದು ಕೀಚಕನ ವಕಾಲತ್ತು.

11. ಹಾಸ್ಯಗಾರನನ್ನು ನಂಬಿ

ಅಳಿಸಲು ಗಂಭೀರ ನಟನೇ ಬೇಕೆಂದಿಲ್ಲ. ನಳ ಕುರೂಪಿ ಬಾಹುಕನಾದಾಗ ಯಕ್ಷಗಾನದ ಬಡಗುತಿಟ್ಟಿನಲ್ಲಿ ಆ ಪಾತ್ರ ಹಾಸ್ಯಗಾರನ ಕೈಗೆ ಬರುವುದುಂಟು. ರಾಜ್ಯ, ಹೆಂಡತಿ, ರೂಪ ಮೂರನ್ನೂ ಕಳೆದುಕೊಂಡವನನ್ನು ನಗಿಸುವವನೇ ಆಡಬೇಕು ಎಂದು ಹಿರಿಯರು ಗೊತ್ತುಮಾಡಿದ್ದರಲ್ಲಿ ಒಳ್ಳೆಯ ಬುದ್ಧಿ ಇದೆ. ನಗುವಿಗೆ ಸಿದ್ಧವಾಗಿ ಕೂತ ಪ್ರೇಕ್ಷಕನಿಗೆ ರಕ್ಷಣೆ ಇರುವುದಿಲ್ಲ.

12. ಹಕ್ಕಿನ ವಿಷಯ, ಚುಟುಕಾಗಿ

ಪುರಾಣ, ಹಳೆಯ ಪ್ರಸಂಗ ಎಲ್ಲರವು. ಹೊಸ ಕಾದಂಬರಿ, ಸಿನಿಮಾ, ಕಾರ್ಟೂನು ಹಾಗಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರಹಗಾರ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಗೆಳೆಯರಿಗೆ ಓದಿಸುವುದು ಬೇರೆ, ಅಚ್ಚು ಹಾಕಿಸಿ ಮಾರುವುದು ಬೇರೆ.

13. ಹೋಗಿ ನೋಡಿ, ಕಿವಿ ಕೊಟ್ಟು ಕೇಳಿ

ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆಯವರ ಇಡಗುಂಜಿ ಮೇಳ ಇದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆ ಕಟ್ಟಿದ್ದು, ಮಗ ಶಂಭು ಹೆಗಡೆ ಬೆಳೆಸಿದ್ದು. ಕುಮಟಾ ತಾಲೂಕಿನ ಮೂರೂರು ಹಾಸ್ಯಗಾರ ರಮೇಶ ಭಂಡಾರಿಯವರ ಊರು. ಗದ್ದೆ ಕೊಯ್ಲು ಮುಗಿದ ಮೇಲೆ ಆಟ, ಮಳೆಗಾಲದಲ್ಲಿ ತಾಳಮದ್ದಳೆ, ವರ್ಷವಿಡೀ ಪಾಠ ಸಿಗುತ್ತದೆ.

ಹೋದಾಗ ಖಳನನ್ನಷ್ಟೇ ನೋಡುತ್ತ ಕೂರಬೇಡಿ, ಸಭೆಯನ್ನೂ ನೋಡಿ. ಎಲ್ಲಿ ನಕ್ಕರು, ಎಲ್ಲಿ ನಗು ಅರ್ಧಕ್ಕೆ ನಿಂತಿತು, ಆಗ ವೇಷಧಾರಿ ಏನು ಮಾಡುತ್ತಿದ್ದ, ಚೆಂಡೆ ಇತ್ತೋ, ಬರಿ ಮದ್ದಳೆ ಇತ್ತೋ. ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಅದೇ ಪ್ರಸಂಗವನ್ನು ಬೇರೆ ಕಲಾವಿದರು ಆಡುವಾಗ ಮತ್ತೆ ಹೋಗಿ. ಪದ್ಯ ಅದೇ ಇರುತ್ತದೆ, ನಗು ನಿಲ್ಲುವ ಜಾಗ ಬೇರೆ ಇರುತ್ತದೆ. ಆ ಎರಡು ಜಾಗಗಳ ನಡುವೆ ಇನ್ನೂ ಯಾರೂ ನಿಲ್ಲಿಸದ ಮೂರನೆಯದೊಂದು ಇರುತ್ತದೆ. ಕತೆಯನ್ನು ಅಲ್ಲಿಂದ ಶುರುಮಾಡಿ.